ಈ ಒಂದು ಬಟ್ಟೆಗೆ ಟೈಲರ್ ಬೇಡ

ಮೊದಲ ಸಲ ನಿಂಜಾ ವೇಷ ಕಟ್ಟಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಹುಡುಗ ಹುಡುಗಿಯರೇ,

ಚಳಿಗಾಲ ಹತ್ತಿರವಾಯಿತೆಂದರೆ ನಿಮ್ಮಲ್ಲಿ ಕೆಲವರು ನನ್ನ ಟೈಲರಿಂಗ್ ಅಂಗಡಿಗೆ ಬರುತ್ತೀರಿ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ‘ಅಕ್ಕಾ, ಕಾಮಿಕ್ ಕಾನ್‌ಗೆ ನಿಂಜಾ ಡ್ರೆಸ್ ಬೇಕಿತ್ತು, ಎಷ್ಟಾಗತ್ತೆ?’ ಎನ್ನುತ್ತೀರಿ. 2012ರಲ್ಲಿ ಕಾಮಿಕ್ ಕಾನ್ ಮೇಳ ಬೆಂಗಳೂರಿಗೆ ಬಂದ ಮೇಲೆ ಇಲ್ಲಿ ವೇಷ ಕಟ್ಟುವವರು ಹೆಚ್ಚುತ್ತಲೇ ಇದ್ದಾರೆ, ಅದರಿಂದ ನನಗೂ ನಾಲ್ಕು ಕಾಸು ಬರುತ್ತದೆ. ಆದರೂ ಈ ಒಂದು ಬಟ್ಟೆಯ ವಿಷಯದಲ್ಲಿ ನಿಮಗೆಲ್ಲ ಒಟ್ಟಿಗೆ ಹೇಳಬೇಕೆನ್ನಿಸಿದೆ: ಇದನ್ನು ನನ್ನ ಹತ್ತಿರ ಹೊಲಿಸಬೇಡಿ, ಆನ್‌ಲೈನಿನಲ್ಲೂ ತರಿಸಬೇಡಿ. ನೀವೇ ಹೊಲಿಯಿರಿ. ಸೂಜಿಗೆ ದಾರ ಪೋಣಿಸಲು ಬಂದರೆ, ಟೇಪು ಹಿಡಿದು ಅಳೆಯಲು ಬಂದರೆ, ಈ ವೇಷ ನಿಮ್ಮ ಕೈಲಾಗುತ್ತದೆ.

ಕಳೆದ ಸಲ ಒಬ್ಬ ಹುಡುಗ ಆನ್‌ಲೈನಿನಲ್ಲಿ ತರಿಸಿದ ಡ್ರೆಸ್ ಹಿಡಿದು ಬಂದಿದ್ದ. ಫೋಟೋಗೆಂದು ಕುಕ್ಕರುಗಾಲಲ್ಲಿ ಕೂತದ್ದೇ ತಡ, ಪ್ಯಾಂಟಿನ ನಡುವೆ ಹೊಲಿಗೆ ಬಿಚ್ಚಿಕೊಂಡಿತಂತೆ. ಮೇಜಿನ ಮೇಲೆ ಒಳಮೈ ಮಾಡಿ ಹರಡಿ ನೋಡಿದೆ. ತೆಳ್ಳನೆಯ ಪಾಲಿಯೆಸ್ಟರ್ ಸ್ಯಾಟಿನ್. ಹೊಲಿಗೆಯ ಪಕ್ಕ ಬಟ್ಟೆ ಬಿಟ್ಟಿದ್ದು ಕಾಲಿಂಚೂ ಇಲ್ಲ, ಅದೂ ಎಳೆ ಎಳೆಯಾಗಿ ಬಿಡುತ್ತಿತ್ತು. ಎರಡು ಕಾಲು ಸೇರುವ ಜಾಗದಲ್ಲಿ ಒಂದೇ ಒಂದು ಸಾಲು ಉದ್ದುದ್ದ ಹೊಲಿಗೆ, ತುಂಡು ಬಟ್ಟೆ ಕೊಟ್ಟಿರಲಿಲ್ಲ. ಕಾಗದದಷ್ಟು ಚಪ್ಪಟೆಯಾಗಿ ಪ್ಯಾಕೆಟ್ಟಿನೊಳಗೆ ಕೂರಲು ಹೊಲಿದ ಬಟ್ಟೆ ಅದು. ನಿಂಜಾ ಅಂದರೆ ಗೋಡೆ ಹತ್ತುವವನು, ಮಂಡಿ ಬಗ್ಗಿಸಿ ಕಾಯುವವನು. ಅವನ ಬಟ್ಟೆ ತೊಟ್ಟು ಕೂರಲಾಗದಿದ್ದರೆ ಅದು ಆ ಬಟ್ಟೆಯೇ ಅಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ. ಚಿತ್ರದಲ್ಲಿ ಹೇಗೆ ಕಾಣುತ್ತದೆ ಎಂದು ಆಮೇಲೆ ನೋಡೋಣ, ಮೊದಲು ಅದರೊಳಗೆ ಮೈ ಆಡಬೇಕು.

ಇದು ಹೊಸಬರಿಗೆ ಸುಲಭ ಎಂದೆನಲ್ಲ, ಅದಕ್ಕೆ ಕಾರಣವಿದೆ. ಬ್ಲೌಸ್ ಕಷ್ಟವಾಗುವುದು ಅದು ಮೈಗೆ ಅಂಟಿ ಕೂರಬೇಕಾದ್ದರಿಂದ. ಕಂಕುಳ ಬಳಿ ಬಾಗು, ಎದೆಗೆ ಡಾರ್ಟು, ಬೆನ್ನಿಗೆ ಹುಕ್ಕು, ಎಲ್ಲಿ ಕಾಲಿಂಚು ತಪ್ಪಿದರೂ ಉಟ್ಟವರಿಗೆ ಗೊತ್ತಾಗುತ್ತದೆ. ಜಪಾನಿನ ಹಳೆಯ ಉಡುಪಿನ ದಾರಿಯೇ ಬೇರೆ. ಅಲ್ಲಿ ಕಿಮೊನೊ ಬಟ್ಟೆ ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಸುರುಳಿಯಾಗಿ ಬರುತ್ತದೆ. ಅದನ್ನು ನೇರವಾಗಿ ತುಂಡು ಮಾಡಿ, ಆಯತಗಳನ್ನು ಜೋಡಿಸಿ ಉಡುಪು ಮಾಡುತ್ತಾರೆ. ಬಟ್ಟೆ ಹೆಚ್ಚುಕಡಿಮೆ ವ್ಯರ್ಥವಾಗುವುದೇ ಇಲ್ಲ. ಹಿಂದೆಲ್ಲ ಚೆನ್ನಾಗಿ ಒಗೆಯಬೇಕಾದಾಗ ಹೊಲಿಗೆಯನ್ನೇ ಬಿಚ್ಚಿ, ತುಂಡುಗಳನ್ನು ಮತ್ತೆ ಪಟ್ಟಿಯಾಗಿ ಕೂಡಿಸಿ, ತೊಳೆದು ಗಂಜಿ ಹಾಕಿ ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ಬಿಚ್ಚಿ ಹೊಲಿಯಲೆಂದೇ ಇದ್ದ ಉಡುಪು, ಎಲ್ಲವೂ ಕೈಹೊಲಿಗೆ. ಅಳತೆಗೆ ಕೂರಿಸುವುದು ಕತ್ತರಿಯಲ್ಲ, ದಾರ ಮತ್ತು ಸೊಂಟಪಟ್ಟಿ. ಗಂಟು ಬಿಗಿ ಮಾಡಿದರೆ ಬಿಗಿ, ಸಡಿಲ ಮಾಡಿದರೆ ಸಡಿಲ. ನೀವು ನಿಂಜಾ ಉಡುಪೆನ್ನುವುದು ಇದೇ ಮನೆತನದ ಕೆಲಸದ ಬಟ್ಟೆ. ಜಿಪ್ಪಿಲ್ಲ, ಗುಂಡಿಯಿಲ್ಲ, ಬಾಗು ಕಟಿಂಗ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಆ ಬಟ್ಟೆ ತೊಟ್ಟವರ ಬಗ್ಗೆಯೂ ಸ್ವಲ್ಪ ತಿಳಿದುಕೊಂಡು ಕತ್ತರಿ ಹಿಡಿಯಿರಿ. ಜಪಾನಿನ ಇಗಾ ಮತ್ತು ಕೋಕಾ ಒಂದಕ್ಕೊಂದು ಹೊಂದಿಕೊಂಡ ಗುಡ್ಡಗಾಡು ಸೀಮೆಗಳು. ಇಗಾ ಇಂದು ಮಿಯೆ ಪ್ರಾಂತ್ಯದಲ್ಲಿದೆ, ಕೋಕಾ ಶಿಗಾ ಪ್ರಾಂತ್ಯದಲ್ಲಿದೆ. ಶಿನೋಬಿ ಎಂದು ಕರೆಸಿಕೊಂಡ ಅಲ್ಲಿನ ನಿಂಜಾಗಳು ಬೇಹುಗಾರಿಕೆಗೆ, ರಾತ್ರಿ ಕೋಟೆಯೊಳಗೆ ನುಸುಳುವುದಕ್ಕೆ ಹೆಸರಾದವರು. ಇವರ ವಿದ್ಯೆಯನ್ನು ಬರೆದಿಟ್ಟ ದೊಡ್ಡ ಗ್ರಂಥ ‘ಬಾನ್‌ಸೆನ್‌ಶುಕಾಯ್’ 1676ರದ್ದು, ಅಂಥದೇ ಇನ್ನೊಂದು ಗ್ರಂಥ ‘ಶೋನಿನ್ಕಿ’ 1681ರದ್ದು. ವೇಷದ ಬಗ್ಗೆ ಶೋನಿನ್ಕಿ ಹೇಳುವುದು ನಿಮ್ಮಂಥ ವೇಷಗಾರರಿಗೆ ಬಹಳ ಮುಖ್ಯ. ಶಿನೋಬಿ ಹೊರಗೆ ಹೋಗಬಹುದಾದ ಏಳು ರೂಪಗಳನ್ನು ಅದು ಪಟ್ಟಿ ಮಾಡುತ್ತದೆ: ತಲೆಗೆ ಬುಟ್ಟಿಯಂಥ ಟೋಪಿ ಹಾಕಿ ಕೊಳಲೂದುವ ಭಿಕ್ಷು, ಬೌದ್ಧ ಸನ್ಯಾಸಿ, ಬೆಟ್ಟ ಅಲೆಯುವ ಯಾತ್ರಿ, ವ್ಯಾಪಾರಿ, ಬೀದಿಯಲ್ಲಿ ಕಸರತ್ತು ತೋರಿಸುವವನು, ನಾಟಕದವನು, ಕೊನೆಗೆ ಆ ಊರಿನ ಸಾಮಾನ್ಯ ಮನುಷ್ಯ. ಕಣ್ಣು ಬಿಟ್ಟು ಮಿಕ್ಕದ್ದೆಲ್ಲ ಮುಚ್ಚಿದ ಕಪ್ಪು ಉಡುಪು ಆ ಪಟ್ಟಿಯಲ್ಲಿಲ್ಲ.

ಆ ಕಪ್ಪು ಬಂದದ್ದು ಬಹುಪಾಲು ಚಿತ್ರದಿಂದ, ರಂಗದಿಂದ. ಚಿತ್ರಕಾರ ಹೊಕುಸಾಯ್ ತನ್ನ ‘ಮಾಂಗಾ’ ಚಿತ್ರಪುಸ್ತಕದ 1817ರ ಸಂಪುಟದಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟು ಹಗ್ಗ ಹತ್ತುವ ಒಬ್ಬನನ್ನು ಬರೆದಿದ್ದಾನೆ. ಕಾಬುಕಿ ನಾಟಕದಲ್ಲಿ ಸಾಮಾನು ಎತ್ತಿಡುವ ಸಹಾಯಕರು ಮೈಯೆಲ್ಲ ಕಪ್ಪು ತೊಟ್ಟು ನಟರ ನಡುವೆಯೇ ಓಡಾಡುತ್ತಾರೆ, ಪ್ರೇಕ್ಷಕರು ಅವರನ್ನು ಕಾಣದವರಂತೆ ಕೂರುತ್ತಾರೆ. ಕಪ್ಪು ನಿಂಜಾ ಹುಟ್ಟಿದ್ದು ಈ ರೂಢಿಯಿಂದ ಎನ್ನುವವರೂ ಇದ್ದಾರೆ. 1962ರ ಸಿನಿಮಾ ‘ಶಿನೋಬಿ ನೋ ಮೊನೊ’ ಜಪಾನಿನಲ್ಲಿ, 1967ರ ಬಾಂಡ್ ಚಿತ್ರ ‘ಯೂ ಓನ್ಲಿ ಲಿವ್ ಟ್ವೈಸ್’ ಹೊರದೇಶಗಳಲ್ಲಿ ಆ ರೂಪವನ್ನು ಜನರ ಕಣ್ಣಿಗೆ ಕಟ್ಟಿದವು. ಆದ್ದರಿಂದ ಕಪ್ಪು ತೊಡುವವರು ಸುಳ್ಳು ತೊಡುತ್ತಿಲ್ಲ. ಇನ್ನೂರು ವರ್ಷಗಳ ರಂಗದ, ಚಿತ್ರದ ಪರಂಪರೆಯನ್ನು ತೊಡುತ್ತಿದ್ದಾರೆ. ಹಾಗೆಯೇ ಕಡುನೀಲಿಯೋ ಕಂದೋ ತೊಡುವವರು ಜಪಾನಿನ ರೈತರು ಗದ್ದೆಯಲ್ಲಿ ತೊಡುತ್ತಿದ್ದ, ನೀಲಿಯಲ್ಲಿ ಅದ್ದಿ ತೆಗೆದ ಕೆಲಸದ ಬಟ್ಟೆಗೆ ಹತ್ತಿರವಿದ್ದಾರೆ. ಎರಡೂ ಸರಿಯೇ.

ಆದರೆ ಮೊದಲ ವೇಷಕ್ಕೆ ಕಡುನೀಲಿ ಹಿಡಿಯಿರಿ ಎಂದು ನಾನು ಹೇಳುವೆ, ಇದು ಹೊಲಿಯುವವಳ ಮಾತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ರಾತ್ರಿ ಟ್ಯೂಬ್‌ಲೈಟಿನಡಿ ಕಾಣುವುದಿಲ್ಲ. ನೀವೆಲ್ಲ ಕಾಲೇಜು, ಆಫೀಸು ಮುಗಿಸಿ ರಾತ್ರಿಯೇ ಹೊಲಿಯುವವರು. ಹೊಲಿಗೆ ಓರೆಯಾದದ್ದು ಬೆಳಿಗ್ಗೆ ಗೊತ್ತಾಗುತ್ತದೆ, ಬಿಚ್ಚಲು ಹೋದರೆ ದಾರದ ಬದಲು ಬಟ್ಟೆಯೇ ಕತ್ತರಿಸಿಹೋಗುತ್ತದೆ. ಫೋಟೋದಲ್ಲೂ ಹಾಗೆಯೇ. ಅಚ್ಚ ಕಪ್ಪಿನಲ್ಲಿ ನೆರಿಗೆ, ಕುತ್ತಿಗೆಪಟ್ಟಿ, ಗಂಟು ಎಲ್ಲ ಒಂದೇ ಮಸಿಯ ಮುದ್ದೆಯಾಗಿ ಕಾಣುತ್ತವೆ, ನೀವು ಪಟ್ಟ ಶ್ರಮ ಯಾರಿಗೂ ಕಾಣುವುದಿಲ್ಲ. ಕಪ್ಪೇ ಬೇಕೆಂದರೆ ಇಡೀ ಬಟ್ಟೆಯನ್ನು ಒಂದೇ ಥಾನಿನಿಂದ ಕೊಳ್ಳಿ. ಅಂಗಡಿಯಲ್ಲಿ ಒಂದೇ ಅನ್ನಿಸುವ ಎರಡು ಕಪ್ಪುಗಳು ಬಿಸಿಲಿಗೆ ಹಿಡಿದಾಗ ಒಂದು ಕೆಂಪಿಗೆ, ಒಂದು ಹಸಿರಿಗೆ ತಿರುಗುತ್ತವೆ.

ನಿಮ್ಮಲ್ಲಿ ಅನೇಕರಿಗೆ ಬೇಕಾದ್ದು ಇಗಾದ ಶಿನೋಬಿಯಲ್ಲ, ಪರದೆಯ ಮೇಲಿನ ಪಾತ್ರ ಎನ್ನುವುದು ನನಗೆ ಗೊತ್ತು. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ ಬರೆದ ‘ನರುಟೊ’ ಕಾಮಿಕ್ಸಿನ ಕಾಕಾಶಿಯನ್ನು ಕೇಳಿಕೊಂಡು ಬರುವವರೇ ಹೆಚ್ಚು. ಅವನ ಎದೆಯ ಮೇಲಿನ ಹಸಿರು ಜಾಕೆಟ್ಟಿನಲ್ಲಿ ಜಿಪ್ಪು, ಜೇಬು ಎಲ್ಲ ಇವೆ, ಅದು ಎರಡನೆಯ ವರ್ಷದ ಕೆಲಸ. ಮೊದಲ ಸಲಕ್ಕೆ ಹಟ್ಟೋರಿ ಬಹಳ ಒಳ್ಳೆಯವನು. ಟೀವಿ ಕಾರ್ಟೂನಿನಲ್ಲಿ ಅವನನ್ನು ನೋಡಿಕೊಂಡೇ ನೀವು ದೊಡ್ಡವರಾದಿರಿ. ಕಾಮಿಕ್ಸ್ ಕಲಾವಿದ ಫುಜಿಕೊ ಫುಜಿಯೊ ಎ ಅವನನ್ನು 1964ರಲ್ಲಿ ಇಗಾದಿಂದ ಬಂದ ಹುಡುಗನನ್ನಾಗಿ ಬರೆದರು. ಹೆಸರು ಬಂದದ್ದು ಸೇನಾನಾಯಕ ಟೊಕುಗಾವಾ ಇಯೆಯಾಸುವಿನ ಬಳಿಯಿದ್ದ ನಿಜವಾದ ಯೋಧ ಹಟ್ಟೋರಿ ಹಾನ್‌ಜೋನಿಂದ, ಅವನ ಹೆಸರಿನ ಬಾಗಿಲು ಟೋಕಿಯೊ ಅರಮನೆಗೆ ಇಂದೂ ಇದೆ. ಹಟ್ಟೋರಿಗೆ ಬೇಕಾದ್ದು ನೀಲಿ ಬಟ್ಟೆ, ಅಷ್ಟೇ. ‘ಮಾರ್ಟಲ್ ಕಾಂಬ್ಯಾಟ್’ ಇಷ್ಟಪಡುವವರು ಇದನ್ನು ನೆನಪಿಡಿ: 1992ರ ಆಟದಲ್ಲಿ ಸ್ಕಾರ್ಪಿಯನ್ ಮತ್ತು ಸಬ್‌ಜೀರೋ ಇಬ್ಬರದೂ ಒಂದೇ ಉಡುಪು. ಒಬ್ಬ ನಟನನ್ನು ಚಿತ್ರಿಸಿ, ಬಣ್ಣ ಬದಲಿಸಿ ಇಬ್ಬರನ್ನು ಮಾಡಿದರು. ನೀವೂ ಒಂದು ಒಳ್ಳೆಯ ಅಂಗಿ, ಒಂದು ಪ್ಯಾಂಟು ಹೊಲಿದಿಟ್ಟುಕೊಂಡರೆ ಮೇಲಿನ ಪಟ್ಟಿಗಳನ್ನು ಬದಲಿಸಿ ವರ್ಷಕ್ಕೊಬ್ಬರಾಗಬಹುದು.

ಈಗ ಬಟ್ಟೆ. ಕೇಸ್‌ಮೆಂಟ್ ಕಾಟನ್ ಕೇಳಿ, 44 ಇಂಚು ಅಗಲದ್ದು, 5 ಮೀಟರ್. ಸಾಧಾರಣ ಮೈಕಟ್ಟಿನವರಿಗೆ ಅಂಗಿ, ಪ್ಯಾಂಟು, ಸೊಂಟಪಟ್ಟಿ, ಕಾಲುಪಟ್ಟಿ ಎಲ್ಲ ಅದರಲ್ಲಿ ಆಗುತ್ತದೆ. ಮುಖಕ್ಕೆ, ತಲೆಗೆ ಅದೇ ಬಣ್ಣದ ತೆಳು ಮಲ್ ಬಟ್ಟೆ 2 ಮೀಟರ್. ಪಾಪ್ಲಿನ್ ಆದರೂ ನಡೆಯುತ್ತದೆ, ಆದರೆ ಅದಕ್ಕೆ ತೂಕ ಸಾಲದು, ಅಂಗಿಯ ತುದಿ ಗಾಳಿಗೆ ಹಾರುತ್ತದೆ. ಖಾದಿ ಸಿಕ್ಕರೆ ಎಲ್ಲಕ್ಕಿಂತ ಚೆನ್ನ. ಬೆಂಗಳೂರಿನವರಾದರೆ ಚಿಕ್ಕಪೇಟೆ ಸುತ್ತಿ, ಬೇರೆ ಊರಿನವರು ಬೆಡ್‌ಶೀಟು ಪರದೆ ಮಾರುವ ಅಂಗಡಿಯಲ್ಲಿ ಕೇಳಿ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಮುದುರಿದರೆ ಹತ್ತಿ, ಹಾಗೇ ಜಾರಿ ಬಿಚ್ಚಿಕೊಂಡರೆ ಪಾಲಿಯೆಸ್ಟರ್ ಹೆಚ್ಚು. ಹೊಳೆಯುವ ಬಟ್ಟೆ ಯಾರು ಎಷ್ಟು ಹೊಗಳಿ ಕೊಟ್ಟರೂ ಬೇಡ.

ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಕಡುಬಣ್ಣ ನೀರಿಗೆ ಬಿಡುತ್ತದೆ. ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಿಗೆ ಹಾಕಿ, ಇನ್ನೂ ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿ. ಇದನ್ನು ಬಿಟ್ಟು ಹೊಲಿದರೆ ಬೆವರಿದಾಗ ಕುತ್ತಿಗೆಯೆಲ್ಲ ನೀಲಿಯಾಗುತ್ತದೆ. ನೆಟ್ಟಗೆ ಕತ್ತರಿಗೆ ಹೋಗಬೇಡಿ. ಮನೆಯಲ್ಲಿ ಯಾರೂ ಹೊದೆಯದ ಹಳೆ ಬೆಡ್‌ಶೀಟು ಇದ್ದೇ ಇರುತ್ತದೆ, ಮೊದಲು ಅದರಲ್ಲಿ ಕಟಿಂಗ್ ಮಾಡಿ, ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಅಮ್ಮನನ್ನು ಕೇಳಿ ತೆಗೆದುಕೊಳ್ಳಿ.

ಅಂಗಿ ಹೀಗೆ. ಹೆಗಲಿನಿಂದ ಸೊಂಟದ ಕೆಳಗೆ ಒಂದು ಗೇಣಿನವರೆಗೆ ಅಳೆಯಿರಿ, 30 ಇಂಚು ಬಂತು ಅನ್ನೋಣ. ಅದರ ಎರಡರಷ್ಟು, 60 ಇಂಚು ಉದ್ದ, 25 ಇಂಚು ಅಗಲದ ತುಂಡು ತೆಗೆದು ಅಡ್ಡಕ್ಕೆ ಮಡಚಿ. ಮಡಿಕೆಯೇ ಹೆಗಲು, ಅಲ್ಲಿ ಹೊಲಿಗೆಯೇ ಇಲ್ಲ. ಮುಂಭಾಗವನ್ನು ಮಾತ್ರ ನಡುವೆ ನೇರವಾಗಿ ಸೀಳಿ, ಕತ್ತಿಗೆ ಸಣ್ಣ ಬಾಗು ಕೊಡಿ. ಪಕ್ಕದಲ್ಲಿ 19 ಇಂಚಿನ ಪಟ್ಟಿ ಉಳಿಯುತ್ತದಲ್ಲ, ಅದನ್ನು 20 ಇಂಚಿಗೊಂದರಂತೆ ಕತ್ತರಿಸಿದರೆ ಎರಡು ತೋಳಾಯಿತು. ಇನ್ನೂ ಉಳಿಯುವ ಚೂರಿನಲ್ಲಿ 5 ಇಂಚಿನ ಎರಡು ಚೌಕಗಳನ್ನು ತೆಗೆದು ಕಂಕುಳಿಗೆ ಕೊಡಿ, ಆಗ ಎರಡೂ ಕೈ ಮೇಲೆತ್ತಿದರೂ ಅಂಗಿ ಸೊಂಟದಿಂದ ಮೇಲೆ ಬರುವುದಿಲ್ಲ. ಸೀಳಿದ ಮುಂಭಾಗದ ಎರಡೂ ಅಂಚಿಗೆ 6 ಇಂಚು ಅಗಲದ ಒಂದೊಂದು ಪಟ್ಟಿ, ಮೇಲ್ಗಡೆ ಓರೆಯಾಗಿ ಕತ್ತರಿಸಿ ಸೇರಿಸಿ. ಪದರಗಳು ಒಂದರ ಮೇಲೊಂದು ಬರಲು ಇದೇ ಬೇಕು, ಸೋವಿ ರೆಡಿಮೇಡ್‌ಗಳಲ್ಲಿ ಬಿಟ್ಟುಬಿಡುವುದೂ ಇದನ್ನೇ. ಕೊನೆಗೆ ಕುತ್ತಿಗೆಪಟ್ಟಿ. ಮಡಚಿದಾಗ 2 ಇಂಚು ಬರುವಂತೆ ಉದ್ದನೆಯ ಪಟ್ಟಿ ಮಾಡಿ, ಬೆನ್ನಿನ ನಡುಮಧ್ಯಕ್ಕೆ ಗುಂಡುಪಿನ್ನು ಚುಚ್ಚಿ, ಅಲ್ಲಿಂದ ಒಂದು ಕಡೆಗೆ, ಮತ್ತೆ ಅಲ್ಲಿಂದಲೇ ಇನ್ನೊಂದು ಕಡೆಗೆ ಹೊಲಿಯುತ್ತಾ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಬಟ್ಟೆ ಎಳೆದು ಅಂಗಿಯೇ ಸೊಟ್ಟಗಾಗಿರುತ್ತದೆ. ಮಷೀನ್ ಇಲ್ಲದಿದ್ದರೆ ಕೈಯಲ್ಲೇ ಬ್ಯಾಕ್ ಸ್ಟಿಚ್ ಹಾಕಿ, ಎಲ್ಲ ಕಡೆ ಅರ್ಧ ಇಂಚು ಬಿಟ್ಟು ಹೊಲಿಯಿರಿ.

ತೊಡುವಾಗ ಒಂದನ್ನು ಮರೆಯಬೇಡಿ. ನಿಮ್ಮ ಎಡಗಡೆಯ ಪದರ ಮೇಲೆ ಬರಬೇಕು, ಹುಡುಗರಿಗೂ ಹುಡುಗಿಯರಿಗೂ. ಜಪಾನಿನಲ್ಲಿ ಬಲಗಡೆಯ ಪದರವನ್ನು ಮೇಲೆ ಹಾಕುವುದು ಶವಕ್ಕೆ ಉಡಿಸುವಾಗ. ಸೆಲ್ಫಿಯಲ್ಲಿ ಎಡಬಲ ತಿರುವುಮುರುವಾಗಿ ಕಾಣುತ್ತದೆ, ಆದ್ದರಿಂದ ಮೊಬೈಲ್ ನೋಡಿಕೊಂಡು ಉಡಬೇಡಿ. ಬಲಗೈಯನ್ನು ಎದೆಯ ಬಳಿ ಪದರದೊಳಕ್ಕೆ ಹಾಕಿ ನೋಡಿ, ಸಲೀಸಾಗಿ ಹೋದರೆ ಸರಿಯಾಗಿದೆ. ಒಂದು ನಾಡಿನ ಉಡುಪನ್ನು ಪ್ರೀತಿಯಿಂದ ತೊಡುವವರು ಇಷ್ಟು ಕಾಳಜಿ ವಹಿಸಲೇಬೇಕು.

ಪ್ಯಾಂಟಿನ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಕಾಲಿಗೆ 28 ಇಂಚು ಅಗಲದ ಒಂದೊಂದು ತುಂಡು, ಹೊರಬದಿಗೆ ಮಡಿಕೆ ಬರಲಿ, ಹೊಲಿಗೆ ಒಳಬದಿಗೆ ಮಾತ್ರ. ಮಂಡಿಯವರೆಗೆ ಅಗಲವಾಗಿಯೇ ಇಟ್ಟು ಅಲ್ಲಿಂದ ಕೆಳಗೆ 15 ಇಂಚಿಗೆ ಇಳಿಸಿ. ಸೊಂಟಕ್ಕೆ ಲಾಡಿ, ಎಲಾಸ್ಟಿಕ್ ಬೇಡ. ಎರಡು ಕಾಲು ಸೇರುವಲ್ಲಿ 6 ಇಂಚಿನ ಚೌಕ ತುಂಡನ್ನು ವಜ್ರದಾಕಾರಕ್ಕೆ ತಿರುಗಿಸಿ ಕೊಡಬೇಕು. ನಮ್ಮ ಹಳೇ ಕಾಲದ ಪೈಜಾಮಗಳಲ್ಲಿ ಇದು ಇರುತ್ತಿತ್ತು, ಜಪಾನಿನ ಅಗಲ ಪ್ಯಾಂಟು ಹಕಾಮದಲ್ಲೂ ಕಾಲುಗಳ ನಡುವೆ ದೊಡ್ಡ ತುಂಡು ಕೊಡುತ್ತಾರೆ. ಕುದುರೆ ಹತ್ತುವವನಿಗೆ, ಗದ್ದೆಯಲ್ಲಿ ಕೂರುವವನಿಗೆ ಇದಿಲ್ಲದೆ ಆಗದು. ಹೊಲಿಯುವ ಕ್ರಮ ಹೇಳುತ್ತೇನೆ, ನಿಧಾನವಾಗಿ ಮಾಡಿ. ಚೌಕದ ಪ್ರತಿ ಮೂಲೆಯಿಂದ ಅರ್ಧ ಇಂಚು ಒಳಗೆ ಸೀಮೆಸುಣ್ಣದಲ್ಲಿ ಚುಕ್ಕೆ ಇಡಿ. ಹೊಲಿಗೆ ಚುಕ್ಕೆಯಿಂದ ಚುಕ್ಕೆಗೆ ಮಾತ್ರ, ಅಂಚಿನವರೆಗೆ ಎಳೆಯಬೇಡಿ. ಒಂದು ಬದಿ ಮುಗಿದ ಕೂಡಲೇ ಸೂಜಿ ಎತ್ತಿ ದಾರ ಕತ್ತರಿಸಿ, ಮುಂದಿನ ಬದಿಯನ್ನು ಹೊಸದಾಗಿ ಶುರು ಮಾಡಿ. ಹೀಗೆ ಮಾಡಿದರೆ ಮೂಲೆ ಚುರುಕಾಗಿ ಕೂರುತ್ತದೆ, ಮೂಲೆ ಸುತ್ತಿ ಒಂದೇ ಓಟದಲ್ಲಿ ಹೊಲಿದರೆ ಅಲ್ಲಿ ಮಡಿಕೆ ಬಿದ್ದು, ಆ ಮಡಿಕೆಯ ಬುಡದಿಂದಲೇ ಹರಿಯುತ್ತದೆ. ಎಲ್ಲ ಮುಗಿದ ಮೇಲೆ ಅದರ ಮೇಲೆ ಇನ್ನೊಂದು ಸಾಲು.

ಆಮೇಲೆ ಪರೀಕ್ಷೆ. ಪ್ಯಾಂಟು ತೊಟ್ಟು ಪೂರ್ತಿ ಕುಕ್ಕರುಗಾಲಲ್ಲಿ ಕೂತು ಏಳಿ. ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ಮುಂದಕ್ಕೆ ಬಾಗಿ. ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ. ಎಲ್ಲಾದರೂ ಬಟ್ಟೆ ಬಿಗಿದು ಹಿಡಿದರೆ ಚೌಕ ಇನ್ನೂ ದೊಡ್ಡದಾಗಬೇಕು. ಬೆಡ್‌ಶೀಟಿನಲ್ಲಿ ಮೊದಲು ಹೊಲಿಯಿರಿ ಎಂದದ್ದು ಇದಕ್ಕೇ.

ಪ್ಯಾಂಟು ಕತ್ತರಿಸಿದ ಮೇಲೆ ಪಕ್ಕದಲ್ಲಿ 16 ಇಂಚಿನ ಉದ್ದ ಪಟ್ಟಿ ಉಳಿದಿರುತ್ತದೆ. ಕಾಲುಪಟ್ಟಿ, ಸೊಂಟಪಟ್ಟಿ ಎರಡೂ ಅದರಲ್ಲೇ. ಕಾಲುಪಟ್ಟಿ ಮೇಲೆ ಅಗಲ, ಕೆಳಗೆ ಕಿರಿದು, ಮೇಲೊಂದು ಕೆಳಗೊಂದು ದಾರ. ಮೀನಖಂಡಕ್ಕೆ ಸುತ್ತಿ ಗಂಟನ್ನು ಕಾಲಿನ ಹೊರಬದಿಗೆ ಹಾಕಿ. ಒಳಬದಿಗೆ ಹಾಕಿದರೆ ನಡೆಯುವಾಗ ಒಂದಕ್ಕೊಂದು ಉಜ್ಜುತ್ತವೆ. ಬೆರಳೊಂದು ಒಳಗೆ ಹೋಗುವಷ್ಟು ಸಡಿಲವಿರಲಿ, ದಿನವಿಡೀ ನಿಂತಾಗ ಕಾಲು ಊದಿಕೊಳ್ಳುತ್ತದೆ. ಕೈಗೂ ಇಂಥದೇ ಮುಚ್ಚುಗೆ, ಮುಂದಿನ ತುದಿ ಅಂಗೈ ಹಿಂಭಾಗ ಮುಚ್ಚಿ ನಡುಬೆರಳಿಗೆ ಒಂದು ಕುಣಿಕೆ. ಕಾಲಿಗೆ ನಿಮ್ಮಲ್ಲಿರುವ ಕಪ್ಪು ಕ್ಯಾನ್ವಾಸ್ ಶೂ ಸಾಕು. ಹೆಬ್ಬೆರಳು ಬೇರೆಯಾಗಿರುವ ರಬ್ಬರ್ ತಳದ ಶೂ ತರಿಸದಿದ್ದರೆ ವೇಷ ಅಪೂರ್ಣ ಎಂದು ಕೆಲವರು ಕೊರಗುತ್ತಾರೆ. ಅದು ಜಪಾನಿನ ಕೂಲಿಕಾರರ ಶೂ, ಅದನ್ನು 1923ರಲ್ಲಿ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದದ್ದು ಕುರುಮೆ ಊರಿನ ಇಶಿಬಾಶಿ ಸಹೋದರರು. ಅವರಲ್ಲೊಬ್ಬರು, ಶೋಜಿರೊ ಇಶಿಬಾಶಿ, ಮುಂದೆ ಬ್ರಿಜ್‌ಸ್ಟೋನ್ ಟೈರ್ ಕಂಪನಿ ಕಟ್ಟಿದರು. ಇಗಾದವರು ತೊಟ್ಟದ್ದು ಹುಲ್ಲಿನ ಚಪ್ಪಲಿ.

ಎಲ್ಲಕ್ಕಿಂತ ಚಂದದ ಕೆಲಸ ಮುಖಮುಚ್ಚುಗೆ. ಶಿನೋಬಿ ಜೊತೆಗಿಡಬೇಕಾದ ಆರು ವಸ್ತುಗಳೆಂದು ಶೋನಿನ್ಕಿ ಹೇಳುವವು ಹೆಣೆದ ಟೋಪಿ, ಕೊಕ್ಕೆ ಹಗ್ಗ, ಬರೆಯುವ ಕಲ್ಲುಕಡ್ಡಿ, ಔಷಧ, ಬೆಂಕಿ ಹೊತ್ತಿಸುವ ಸಾಧನ, ಮತ್ತೆ ಮೂರು ಶಾಕು ಉದ್ದದ, ಅಂದರೆ ಸುಮಾರು 90 ಸೆಂಟಿಮೀಟರಿನ ಒಂದು ಟವೆಲ್ಲು. ಖಡ್ಗವೂ ಇಲ್ಲ, ನಕ್ಷತ್ರದಂಥ ಆಯುಧವೂ ಇಲ್ಲ, ಒಂದು ಟವೆಲ್ಲಿದೆ! ಮುಖಕ್ಕೆ ಸುತ್ತಲು, ಗಾಯಕ್ಕೆ ಕಟ್ಟಲು ಎಲ್ಲಕ್ಕೂ ಒದಗುವ ಬಟ್ಟೆ. ಆದ್ದರಿಂದ ಹೊಲಿದ ಮುಸುಕಿಗೆ ಹೋಗಬೇಡಿ, ಕಟ್ಟುವ ಮುಸುಕು ಮಾಡಿ. 2 ಮೀಟರ್ ಮಲ್ ಬಟ್ಟೆಯನ್ನು ಉದ್ದಕ್ಕೆ ಎರಡು ಸೀಳಿ ಅಂಚು ಮಡಚಿ ಹೊಲಿಯಿರಿ. ಮೊದಲನೆಯದರ ನಡುಭಾಗವನ್ನು ಮೂಗಿನ ಮೇಲಿಟ್ಟು, ತುದಿಗಳನ್ನು ಹಿಂದಕ್ಕೆ ಒಯ್ದು ಕುತ್ತಿಗೆಯ ಮೇಲ್ಭಾಗದಲ್ಲಿ ಗಂಟು ಹಾಕಿ, ಕೆಳ ಅಂಚು ಎದೆಯ ಮೇಲೆ ಇಳಿಬಿದ್ದಿರಲಿ. ಆ ಅಂಚನ್ನು ಅಂಗಿಯ ಕುತ್ತಿಗೆಪಟ್ಟಿಯೊಳಗೆ ಸೇರಿಸಿ. ಎರಡನೆಯದನ್ನು ಹುಬ್ಬಿನ ಮೇಲಿಂದ ತಲೆಯ ಮೇಲೆ ಹೊದ್ದು, ತುದಿಗಳನ್ನು ಹಿಂದೆ ಅಡ್ಡ ಹಾಯಿಸಿ ಕಟ್ಟಿ, ಉಳಿದ ಬಟ್ಟೆಯನ್ನು ಗಂಟಿನ ಕೆಳಗೆ ಸಿಕ್ಕಿಸಿ. ಹೀಗೆ ಮಾಡಿದರೆ ಊಟಕ್ಕೆ, ನೀರಿಗೆ ಮೊದಲ ಪಟ್ಟಿಯನ್ನು ಮಾತ್ರ ಗಲ್ಲದ ಕೆಳಕ್ಕೆಳೆದರೆ ಆಯಿತು, ತಲೆಯ ಕಟ್ಟು ಹಾಗೇ ನಿಲ್ಲುತ್ತದೆ. ಕನ್ನಡಕದವರು ಹಳೆಯ ಮಾಸ್ಕಿನ ಮೂಗಿನ ತಂತಿ ಬಿಚ್ಚಿ ಮೇಲಂಚಿನ ಮಡಿಕೆಯೊಳಗೆ ಸೇರಿಸಿ, ಗಾಜು ಮಂಜಾಗುವುದು ಕಡಿಮೆಯಾಗುತ್ತದೆ. ಚಿಕ್ಕ ತಮ್ಮ ತಂಗಿಯರು ತಮಗೂ ಬೇಕೆಂದರೆ ಕಪ್ಪು ಟೀ ಶರ್ಟ್ ಕೊಡಿ. ಕತ್ತಿನ ತೂತಿನಲ್ಲಿ ಕಣ್ಣು ಬರುವಂತೆ ತಲೆಗೆ ಹಾಕಿ, ತೋಳುಗಳನ್ನು ಹಿಂದೆ ಕಟ್ಟಿದರೆ ಮುಗಿಯಿತು. ಮಕ್ಕಳ ಕುತ್ತಿಗೆಗೆ ದಾರ ಮಾತ್ರ ಕಟ್ಟಬೇಡಿ.

ಹುಡುಗಿಯರಿಗೆ ಬೇರೆಯಾಗಿ ಒಂದು ಮಾತು. ಹೆಣ್ಣು ನಿಂಜಾ ಎಂದು ಹುಡುಕಿದರೆ ತೊಡೆಯವರೆಗೆ ಸೀಳಿದ ಉಡುಪುಗಳೇ ಸಿಗುತ್ತವೆ. ಅದು ನಿಮ್ಮ ಇಷ್ಟವಾದರೆ ಧಾರಾಳವಾಗಿ ತೊಡಿ, ಆದರೆ ಬೇರೆ ದಾರಿಯಿಲ್ಲವೆಂದು ತೊಡಬೇಡಿ. ನಾನು ಮೇಲೆ ಹೇಳಿದ ಅಂಗಿ ಪ್ಯಾಂಟಿಗೆ ಗಂಡು ಹೆಣ್ಣು ಇಲ್ಲ, ಮೈಯೆಲ್ಲ ಮುಚ್ಚಿಯೂ ಅದು ಪೂರ್ಣ ವೇಷ. ತಲೆ ಮುಚ್ಚಿಕೊಂಡೇ ವೇಷ ಕಟ್ಟಬೇಕೆನ್ನುವ ಹುಡುಗಿಯರಿಗೆ ಇದಕ್ಕಿಂತ ಹೊಂದುವ ಪಾತ್ರ ಇನ್ನೊಂದಿಲ್ಲ. ಬಣ್ಣಕ್ಕೂ ಅಂಜಬೇಡಿ. ಇಗಾ ಊರಿನಲ್ಲೇ ವಸಂತದಲ್ಲಿ ನಡೆಯುವ ನಿಂಜಾ ಉತ್ಸವಕ್ಕೆ ಜನ ಬಣ್ಣಬಣ್ಣದ ನಿಂಜಾ ಉಡುಪು ತೊಟ್ಟು ಬೀದಿ ಸುತ್ತುತ್ತಾರೆ. ಆ ಊರಿನ ರೈಲಿನ ಮುಖಕ್ಕೂ ನಿಂಜಾ ಕಣ್ಣುಗಳನ್ನು ಬರೆದಿದ್ದಾರೆ, ಬರೆದವರು ಮಾಂಗಾ ಕಲಾವಿದ ಲೆಯ್ಜಿ ಮಾಟ್ಸುಮೊಟೊ.

ಆಯುಧದ ಬಗ್ಗೆ ಉದ್ದ ಹೇಳುವುದಿಲ್ಲ. ಸಿನಿಮಾದಲ್ಲಿ ಕಾಣುವ ನೆಟ್ಟಗಿನ ನಿಂಜಾ ಕತ್ತಿ ಹಿಂದೆ ಇತ್ತೆನ್ನಲು ಗಟ್ಟಿ ಪುರಾವೆಯಿಲ್ಲ, ಅದಿಲ್ಲದೆಯೂ ನೀವು ನಿಂಜಾ. ಬೇಕೇ ಬೇಕೆಂದರೆ ಇವಿಎ ಫೋಮ್ ಹಾಳೆಯಲ್ಲಿ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲನ್ನು ಎರಡು ಮೂರು ಸಲ ಬಳಿದು ಒಣಗಿಸಿ, ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಿ. ಅಂಟಿಸಲು ರಬ್ಬರ್ ಅಂಟು ಬಳಸುವವರು ಕಿಟಕಿ ತೆರೆದಿಡಿ, ಅದರ ಘಾಟು ತಲೆಗೇರುತ್ತದೆ. ಲೋಹದ್ದು, ಮೊನಚಾದದ್ದು ಯಾವುದೂ ಬೇಡ, ಯಾವ ಸಮಾರಂಭದ ಬಾಗಿಲಲ್ಲೂ ಬಿಡುವುದಿಲ್ಲ.

ಮನೆಯಿಂದಲೇ ಮುಖ ಮುಚ್ಚಿಕೊಂಡು ಹೊರಡಬೇಡಿ. ಮೆಟ್ರೋದಲ್ಲಿ ತಪಾಸಣೆ ಇರುತ್ತದೆ, ಬಸ್ಸಿನಲ್ಲಿ ವಯಸ್ಸಾದವರಿರುತ್ತಾರೆ, ಎಟಿಎಂ ಮುಂದೆ ಮುಸುಕುಧಾರಿ ಕಂಡರೆ ಯಾರಿಗಾದರೂ ಗಾಬರಿಯೇ. ಮುಸುಕು, ಫೋಮ್ ಕತ್ತಿ ಎರಡನ್ನೂ ಚೀಲದಲ್ಲಿಟ್ಟು ಒಯ್ದು ಮೇಳದ ಜಾಗದಲ್ಲಿ ಕಟ್ಟಿಕೊಳ್ಳಿ. ಚೀಲದಲ್ಲಿ ಸೂಜಿ, ಅದೇ ಬಣ್ಣದ ದಾರ, ನಾಲ್ಕು ಸೇಫ್ಟಿ ಪಿನ್, ನೀರಿನ ಬಾಟಲಿ ಇರಲಿ. ಕಡುಬಣ್ಣದ ಪೂರ್ತಿ ತೋಳಿನ ಬಟ್ಟೆಯಲ್ಲಿ ಜನಜಂಗುಳಿಯ ನಡುವೆ ನಿಂತರೆ ಚಳಿಗಾಲದಲ್ಲೂ ಸೆಕೆಯಾಗುತ್ತದೆ. ಒಳಗೆ ತೆಳ್ಳನೆ ಹತ್ತಿ ಬನಿಯನ್ ಹಾಕಿ, ನೀರು ಕುಡಿಯುತ್ತಿರಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಬಿಡುವವರನ್ನು ಕಂಡಿದ್ದೇನೆ. ಅದಕ್ಕೇ ಲಾಡಿಗೆ ಎಳೆದರೆ ಬಿಚ್ಚುವ ಗಂಟು ಹಾಕಿ, ಸೊಂಟಪಟ್ಟಿಯ ಗಂಟು ಪಕ್ಕಕ್ಕಿರಲಿ.

ಇಷ್ಟೆಲ್ಲ ಬರೆದದ್ದು ನನಗೆ ನಿಮ್ಮ ಹವ್ಯಾಸ ಇಷ್ಟವಾದ್ದರಿಂದ. ಹೊಲಿಗೆ ಅಂದರೆ ಮದುವೆ ಬ್ಲೌಸಿಗೆ ಮಾತ್ರ ಅಂತಿರುವ ಕಾಲದಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಬಾಬಿನ್‌ಗೆ ದಾರ ಸುತ್ತುವುದು ಹೇಗೆ ಅಂತ ಕೇಳಿಕೊಂಡು ಬರುತ್ತಾರೆ. ಅವರ ಕೈಯಲ್ಲಿ ಒಂದು ಬಟ್ಟೆ ಪೂರ್ತಿಯಾಗಬೇಕು ಅನ್ನುವುದು ನನ್ನ ಆಸೆ. ಕತ್ತರಿ ಹಾಕುವ ಮುಂಚೆ ಅನುಮಾನ ಬಂದರೆ ಬೆಡ್‌ಶೀಟಿನಲ್ಲಿ ಕಟಿಂಗ್ ಮಾಡಿದ್ದನ್ನು ತೆಗೆದುಕೊಂಡು ಬನ್ನಿ, ನೋಡಿ ಹೇಳುತ್ತೇನೆ, ದುಡ್ಡು ಬೇಡ. ಆ ಚೌಕ ತುಂಡು ಕೂರುತ್ತಿಲ್ಲವೆಂದರೆ ಅಂಗಡಿಯ ಮಷೀನಿನಲ್ಲಿ ನೀವೇ ಕೂತು ಹೊಲಿಯಿರಿ, ನಾನು ಪಕ್ಕದಲ್ಲಿರುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಬಂದರೆ ಒಳ್ಳೆಯದು, ಬೆಳಿಗ್ಗೆ ಬ್ಲೌಸಿನವರು ಕಾಯುತ್ತಿರುತ್ತಾರೆ. ಮಂಗಳವಾರ ಅಂಗಡಿಗೆ ರಜೆ.

ಇಂತಿ,
ನಿಮ್ಮ ಟೈಲರ್ ಅಕ್ಕ